ಆಡಸಾಕಿ ಆಡಿದ ಒಂದೇ ಆಟ

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಸಿಟ್ಟಾಗುತ್ತಾಳೆ. ಹೋದವರು ಎಲ್ಲಿಂದ ಸಿಟ್ಟಾಗುತ್ತಾರೆ ಎಂದು ನೀವು ಕೇಳಬಹುದು. ಆಕೆಯನ್ನು ನೀವು ನೋಡಿಲ್ಲ, ಅದಕ್ಕೇ ಕೇಳುತ್ತೀರಿ. ನಾವು ಬಸ್ಸಿನಲ್ಲಿ ಆಡುತ್ತಿದ್ದ ಆಟದಲ್ಲಿ ಯಾರೂ ಖರೆ ಹೆಸರು ಹೇಳಬಾರದು, ಹೆಸರು ಹೊರಬಿದ್ದರೆ ಆಟದ ವೈರಿಗಳಾದ ಕಂಪನಿಯವರ ಕೈಗೆ ಸಿಕ್ಕಂತೆಯೇ, ಎನ್ನುವುದು ಆಕೆ ಹಾಕಿದ ಮೊದಲ ನಿಯಮ. ನಾವು ಆಕೆಯನ್ನು ‘ಆಡಸಾಕಿ’ ಎನ್ನುತ್ತಿದ್ದೆವು, ಅಂದರೆ ಆಟ ಆಡಿಸುವವಳು. ನನ್ನ ಫೋನಿನಲ್ಲಿ ಆಕೆಯ ನಂಬರು ಈಗಲೂ ಅದೇ ಹೆಸರಿನಲ್ಲಿದೆ. ಅಳಿಸಿಲ್ಲ. ಅಳಿಸುವುದೂ ಇಲ್ಲ.

ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ರಾಯಚೂರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತುವುದು, ಸಂಜೆ ಮತ್ತೆ ಬಸ್ಸು ಹತ್ತುವುದು, ಇದೇ ನನ್ನ ಬಾಳು. ಬಸ್ಸಿನಲ್ಲಿ ಮಾತಾಡುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ದಿನವೆಲ್ಲ ಮಕ್ಕಳ ಗಲಾಟೆ ಕೇಳುವವಳಿಗೆ ಆ ಒಂದು ತಾಸಾದರೂ ಕಿವಿಗೆ ಸುಖ ಬೇಡವೇ? ಹೀಗಿರುವಾಗ ಒಂದು ದಿನ ಪಕ್ಕದ ಸೀಟಿನಿಂದ ಕಟಕಟ ಸದ್ದು. ತಿರುಗಿ ನೋಡಿದರೆ ಮೂವತ್ತರ ಆಚೀಚಿನ ಒಬ್ಬ ಹೆಣ್ಣುಮಗಳು. ಚೂಡಿದಾರ, ಕನ್ನಡಕ, ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡು. ತೊಡೆಯ ಮೇಲೆ ಬುತ್ತಿ ಡಬ್ಬಿಯ ಸ್ಟೀಲ್ ಮುಚ್ಚಳ, ಅದರೊಳಗೆ ಎರಡು ಲೂಡೋ ದಾಳ. ತನ್ನಷ್ಟಕ್ಕೆ ತಾನೇ ಹಾಕುತ್ತಾಳೆ, ನೋಡುತ್ತಾಳೆ, ತಲೆಯಾಡಿಸುತ್ತಾಳೆ.

“ಏನ್ರೀ ಇದು, ಬಸ್ಸಿನ್ಯಾಗ ಜೂಜು?” ಎಂದೆ, ಕ್ಲಾಸಿನ ದನಿಯಲ್ಲಿ.

“ಜೂಜಲ್ರೀ ಅಕ್ಕೋರ, ಕಳ್ಳತನ,” ಎಂದಳು ತಲೆ ಎತ್ತದೆ. “ಒಬ್ರು ಕಡಿಮಿ ಬಿದ್ದಾರ. ಬರ್ತೀರೇನು?”

ಅಕ್ಕೋರ ಎಂದಳಲ್ಲ, ನಾನು ಟೀಚರ್ ಎಂದು ಆಕೆಗೆ ಹೇಗೆ ತಿಳಿಯಿತೋ ಕಾಣೆ. ಆಮೇಲೆ ಕೇಳಿದಾಗ, “ಅಷ್ಟು ಜೋರ ಮಾಡಿ ಕೇಳೋರು ಮತ್ಯಾರಿರ್ತಾರ?” ಎಂದು ನಕ್ಕಿದ್ದಳು.

ಅದು ಇಂಟರ್ನೆಟ್ಟಿನಲ್ಲಿ ಎಲ್ಲೋ ಸಿಕ್ಕ ಆಟವಂತೆ. ಬೋರ್ಡಿಲ್ಲ, ಕಾಯಿಲ್ಲ, ಇಸ್ಪೀಟಿಲ್ಲ, ಬರೀ ಮಾತು. ಒಬ್ಬರು ಆಡಿಸುವವರು, ಉಳಿದವರೆಲ್ಲ ಮುಂದೆಂದೋ ಬರುವ ಕಾಲದ ಹ್ಯಾಕರುಗಳು. ಆ ಕಾಲಕ್ಕೆ ಕಂಪನಿಗಳು ಊರು, ಗಾಳಿ, ನೀರು ಎಲ್ಲವನ್ನೂ ನುಂಗಿ ಕೂತಿರುತ್ತವೆ. ಹ್ಯಾಕರುಗಳು ಅವರ ಕಂಪ್ಯೂಟರುಗಳೊಳಗೆ ನುಗ್ಗಿ ಏನಾದರೊಂದನ್ನು ಬಿಡಿಸಿಕೊಂಡು ಬರಬೇಕು. ಆಡಿಸುವವರು ಕೇಳುತ್ತಾರೆ, ನಾವು ಏನು ಮಾಡುತ್ತೇವೆಂದು ಹೇಳುತ್ತೇವೆ, ಕಷ್ಟದ ಕೆಲಸವಾದರೆ ದಾಳ ಹಾಕುತ್ತೇವೆ. ಇಂಥ ಆಟಗಳಿಗೆ ದಪ್ಪ ದಪ್ಪ ನಿಯಮದ ಪುಸ್ತಕಗಳೂ ಇವೆಯಂತೆ. ಆಕೆಯ ಆಟದ ನಿಯಮಕ್ಕೆ ಅರ್ಧ ಹಾಳೆ ಸಾಕಾಗಿತ್ತು. ಎರಡು ದಾಳ ಹಾಕು, ಎರಡರಲ್ಲಿ ದೊಡ್ಡದು ನಿನ್ನದು. ನಾಲ್ಕು, ಐದು, ಆರು ಬಿತ್ತೋ, ಕೆಲಸ ಆಯಿತು. ಅದಕ್ಕಿಂತ ಕಡಿಮೆ ಬಿದ್ದರೂ ಆಯಿತು, ಆದರೆ ನಿನ್ನದು ಏನಾದರೊಂದನ್ನು ಅಲ್ಲೇ ಬಿಟ್ಟು ಮುಂದೆ ಹೋಗಬೇಕು.

“ಹಂಗಾರ ಸೋಲು ಅನ್ನೋದ ಇಲ್ಲೇನು?” ಎಂದು ಕೇಳಿದೆ.

“ಸೋಲು ಹೊರಗ ಬೇಕಾದಷ್ಟು ಅದ ಅಕ್ಕೋರ. ಆಟದಾಗೂ ಯಾಕ?”

ಆಕೆ ಮಾನ್ವಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದಳು. ರಾಯಚೂರಿನಲ್ಲಿ ಬಾಡಿಗೆ ಕೋಣೆ, ಮನೆಯವರೆಲ್ಲ ದೇವದುರ್ಗದಲ್ಲಿ. ಹ್ಯಾಕರ್ ಎಂದರೆ ಬ್ಯಾಂಕಿನ ದುಡ್ಡು ಹೊಡೆಯುವವನು ಎಂದುಕೊಂಡಿದ್ದ ನನಗೆ ಆಕೆ ಹೇಳಿದ್ದು ಇಷ್ಟೇ: “ಬೀಗ ಮುರಿಯೋರಲ್ರಿ ಅವರು. ತೆರಕೋಬೇಕು ಅಂತ ಬೀಗಕ್ಕ ತಾನ ಅನಸೋ ಹಂಗ ಅದರ ಜೋಡಿ ಮಾತಾಡೋರು.” ನಿಜವಾದ ಹ್ಯಾಕರುಗಳು ಒಪ್ಪುತ್ತಾರೋ ಇಲ್ಲವೋ. ಆಕೆಯ ಆಟದಲ್ಲಂತೂ ಹಾಗೆಯೇ.

ಕಂಪನಿ ಬೆಂಗಳೂರಿನಲ್ಲೋ ವಿದೇಶದಲ್ಲೋ ಇರಲಿಲ್ಲ. ನಮ್ಮ ರಾಯಚೂರಿನ ಬೆಟ್ಟದ ಮೇಲೆ, ಕೋಟೆಯೊಳಗೆ ಇತ್ತು. ಇಡೀ ಊರಿನಲ್ಲಿ ತಂಪಾಗಿರುವುದು ಅದೊಂದೇ ಜಾಗ, ಯಾಕೆಂದರೆ ಕಂಪ್ಯೂಟರುಗಳಿಗೆ ಸೆಕೆ ಆಗಬಾರದು. ಕೆಳಗೆ ಜನರಿಗೆ ನೆರಳೂ ಬಾಡಿಗೆಗೆ. ಬೇವಿನ ಮರದ ಕೆಳಗೆ ಕೂರಬೇಕಾದರೆ ಪಾಸು ತೋರಿಸಬೇಕು. ಪಾಸು ಮುಗಿದರೆ ಮರದಲ್ಲಿರುವ ಮೈಕು ಎಬ್ಬಿಸಿ ಕಳಿಸುತ್ತದೆ. ನಾನು ಮೊದಲ ದಿನವೇ ಆ ಮೈಕಿನ ಮೇಲೆ ಎಷ್ಟು ಸಿಟ್ಟಾದೆನೆಂದರೆ ಮಾನ್ವಿ ಬಂದದ್ದೇ ತಿಳಿಯಲಿಲ್ಲ. ಎದುರು ಸೀಟಿನ ಅಜ್ಜಿ ನನ್ನನ್ನು ಎಬ್ಬಿಸಿ ಇಳಿಸಬೇಕಾಯಿತು.

ಆಡುವವರು ನಾವು ಮೂವರು. ಆಟದಲ್ಲಿ ನನ್ನ ಹೆಸರು ಸೂಜಿ. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರ್ ಆಗಿದ್ದ, ಐವತ್ತು ದಾಟಿದ ಒಬ್ಬರು ಬೀಗ ಎಂಬ ಹೆಸರು ಇಟ್ಟುಕೊಂಡಿದ್ದರು. ನಮಗೆ ಬೀಗ ಭಾಯ್. ಆಸ್ಪತ್ರೆಯ ನರ್ಸಮ್ಮ ಒಬ್ಬಳು ರಾತ್ರಿ ಡ್ಯೂಟಿ ಮಾಡಿ ಮಾಡಿ ಕಣ್ಣು ಅಗಲವಾಗಿವೆ ಎಂದು ತನಗೆ ತಾನೇ ಗೂಬಿ ಎಂದು ಹೆಸರಿಟ್ಟುಕೊಂಡಳು. ಬೇರೆ ಯಾರಾದರೂ ಕೇಳಿದರೆ ನಮಗೆ ತಲೆ ಕೆಟ್ಟಿದೆ ಎನ್ನಬೇಕು. ಅಂದರು ಕೂಡ.

ಆಕೆ ಆಡಿಸುವ ರೀತಿಯೇ ಬೇರೆ. ಮುಚ್ಚಳ ಆಕೆಯ ಮುಂದೆ, ದಾಳ ನಮ್ಮ ಕೈಯಲ್ಲಿ. ಆಡಿಸುವವರು ದಾಳ ಮುಟ್ಟಬಾರದು, ಅದೂ ನಿಯಮ. ಬೆರಳಿನಿಂದ ಮುಚ್ಚಳದ ಅಂಚನ್ನು ಟಕ್ ಟಕ್ ಬಡಿಯುತ್ತ ನಮ್ಮನ್ನು ಒಂದು ಬಾಗಿಲ ತನಕ ಕರೆದೊಯ್ಯುತ್ತಿದ್ದಳು. ಬಾಗಿಲ ಆಚೆ ಏನಿದೆ ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. “ಬಾಗಲಾ ತೋರ್ಸೋದು ನನ್ನ ಕೆಲಸ. ಒಳಗ ನೋಡಿ ನೀವ ಹೇಳ್ರಿ. ಸೂಜಕ್ಕಾ, ನಿಮಗೇನ್ ಕಾಣಾಕತ್ತದ?” ಎನ್ನುತ್ತಿದ್ದಳು. ನಾವು ತಡವರಿಸುತ್ತ ಏನೋ ಒಂದು ಹೇಳಿದರೆ ಕನ್ನಡಕ ಮೇಲೇರಿಸಿ, “ಮುಂದ?” ಅಷ್ಟೇ. ಆ ಒಂದು ‘ಮುಂದ’ ಕೇಳಲು ನಾನು ಬೆಳಿಗ್ಗೆ ಬೇಗ ಏಳುತ್ತಿದ್ದೆ ಎಂದರೆ ನನ್ನ ಗಂಡ ಇವತ್ತಿಗೂ ನಂಬುವುದಿಲ್ಲ.

ನಾವು ನಾಲ್ಕೂ ಜನ ಕೂರುತ್ತಿದ್ದುದು ಹಿಂದಿನ ಸೀಟಿನಲ್ಲಿ. ಗುಂಡಿ ಬಂದರೆ ಮೊದಲು ಹಾರುವವರು ನಾವೇ. ಒಮ್ಮೆ ಬೀಗ ಭಾಯ್ ಆರು ಹಾಕಿ ಮೀಸೆ ತಿರುವುವಷ್ಟರಲ್ಲಿ ಬಸ್ಸು ದಡಲ್ ಎಂದಿತು, ಆರು ಹೋಗಿ ಎರಡಾಯಿತು. “ಇದು ನಡಿಯಂಗಿಲ್ಲ ಆಪಾ! ಆರು ಬಿದ್ದಿತ್ತು, ಎಲ್ಲಾರೂ ನೋಡ್ಯಾರ!” ಎಂದು ಅವರು ಕೂಗಿದರು. ವಯಸ್ಸಿನಲ್ಲಿ ಚಿಕ್ಕವಳಾದರೂ ಅವರಿಗೆ ಈಕೆ ಆಪಾ, ಅಂದರೆ ಅಕ್ಕ. ಈಕೆ ಮುಚ್ಚಳದೊಳಗೆ ಬಗ್ಗಿ ನೋಡಿ, “ನಡೀತದ ಭಾಯ್. ರಸ್ತಿನೂ ನಮ್ಮ ಜೋಡಿ ಆಡ್ತದ,” ಎಂದಳು. ಅಂದಿನಿಂದ ಅದೂ ನಿಯಮವಾಯಿತು. ಮುಚ್ಚಳದಲ್ಲಿ ದಾಳ ನಿಂತ ಮೇಲೆ ಯಾವುದೇ ಧಕ್ಕೆಗೆ ಮಗುಚಿದರೂ ಆಮೇಲಿನದೇ ಲೆಕ್ಕ. ಬೀಗ ಭಾಯ್ ಅವತ್ತು ಮಿರ್ಚಿ ಭಜಿಯ ರುಚಿಯನ್ನು ಬಿಟ್ಟು ಮುಂದೆ ಹೋದರು. ಆಟದಲ್ಲಿ ತಾನೇ? ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತ ನಿಂತಿದ್ದ ಅವರನ್ನು ಈಕೆ ಎಂಥ ಕಣ್ಣಿನಿಂದ ನೋಡಿದಳೆಂದರೆ, ಪಾಪ, ಆ ಮನುಷ್ಯ ಕೈಯಲ್ಲಿದ್ದ ಮಿರ್ಚಿಯನ್ನು ನನ್ನ ಕೈಗಿಟ್ಟು ಬರೀ ಒಗ್ಗರಣಿ ತಿಂದರು.

ಇನ್ನೊಂದು ಸಲ ಗಲಾಟೆಯೇ ಆಯಿತು. ನಾವು ಗೇಟಿನ ಕಾವಲುಗಾರನನ್ನು ಮಲಗಿಸುವುದು ಹೇಗೆ, ಕ್ಯಾಮರಾದ ಕಣ್ಣು ಕಟ್ಟುವುದು ಹೇಗೆ ಎಂದು ಗಹನವಾಗಿ ಮಾತಾಡುತ್ತಿದ್ದೆವು. ಮುಂದಿನ ಸೀಟಿನಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೂತಿದ್ದ ಕುರಿ ಕಾಯುವ ಹಿರಿಯರೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು ಎದ್ದು ನಿಂತರು. “ಕಂಡಕ್ಟರಾ, ಗಾಡಿ ನಿಂದ್ರಸೋ! ಇವರು ನೋಡಾಕ ಶಾಣ್ಯಾರಂಗ ಕಾಣ್ತಾರ, ಕನ್ನ ಹಾಕಾಕ ಹೊಂಟಾರ!” ಬಸ್ಸಿಗೆ ಬಸ್ಸೇ ಹಿಂದಿರುಗಿ ನಮ್ಮನ್ನು ನೋಡಿತು. ನನಗೆ ಭೂಮಿಯೊಳಗೆ ಇಳಿದುಹೋಗುವಂತಾಯಿತು. ಮೂರನೇ ಸೀಟಿನಲ್ಲಿ ನನ್ನ ಶಾಲೆಯ ಹೆಡ್‌ಮಾಸ್ತರರು ಬೇರೆ ಇದ್ದರು. ಈಕೆಗೆ ನಾಚಿಕೆ ಎಂಬುದೇ ಇಲ್ಲ. ಮುಚ್ಚಳ ಹಿಡಿದುಕೊಂಡು ಹಿರಿಯರ ಬಳಿಯೇ ಹೋದಳು.

“ಯಪ್ಪಾ, ಇದು ಕಥಿ. ನಾಲಿ ಗೇಟು ಕಂಪನ್ಯಾರ ಕೈಯಾಗ ಅದ. ತೆರೀಬೇಕು. ಗೇಟಿನ ಹತ್ರ ಯಾರು ನಿಂತಾರ, ನೀವ ಹೇಳ್ರಿ. ನಿಮಗೇನ್ ಕಾಣಾಕತ್ತದ?”

ಹಿರಿಯರು ಆಕೆಯನ್ನೂ ಮುಚ್ಚಳವನ್ನೂ ಒಂದೆರಡು ಸಲ ನೋಡಿ ಕೂತರು. “ಅಲ್ಲಿ ಯಾರ್ ಇರ್ತಾರ ಬಿಡವ್ವ,” ಎಂದರು ಕಡೆಗೆ. “ಒಂದು ನಾಯಿ ಇರ್ತದ. ಕುಂಟ ನಾಯಿ. ಅದಕ್ಕ ರೊಟ್ಟಿ ಹಾಕ್ರಿ, ಸುಮ್ನಾಕ್ಕದ.” ಅಂದಿನಿಂದ ನಮ್ಮ ಆಟದ ಗೇಟಿನ ಬಳಿ ಕುಂಟ ನಾಯಿಯೊಂದು ಕಾಯಂ ಆಗಿ ಬಂದು ಕೂತಿತು. ಆ ಹಿರಿಯರು ಮತ್ತೆ ಸಿಗಲಿಲ್ಲ. ಅವರ ನಾಯಿ ಮಾತ್ರ ನಮ್ಮೊಡನೆ ಉಳಿಯಿತು.

ಗೇಟು ಎಂದೆನಲ್ಲ, ಆಟವೆಲ್ಲ ಕಡೆಗೆ ಹೋಗಿ ನಿಲ್ಲುತ್ತಿದ್ದುದು ಅಲ್ಲಿಯೇ. ನಾಲೆಯ ಗೇಟುಗಳನ್ನು ಬೆಟ್ಟದ ಮೇಲಿನ ಕಂಪ್ಯೂಟರುಗಳು ತೆರೆದು ಮುಚ್ಚುತ್ತವೆ. ಕಡೆಯ ಗೇಟಿನ ಆಚೆಗೆ ನೀರು ಹೋದದ್ದೇ ಇಲ್ಲ. ಅದನ್ನು ತೆರೆದರೆ ಟೇಲ್ ಎಂಡಿನ, ಅಂದರೆ ನಾಲೆಯ ಕಡೆಯ ತುದಿಯ, ಊರುಗಳಿಗೆ ನೀರು ಮುಟ್ಟುತ್ತದೆ. ಆಕೆ ಹುಟ್ಟಿದ್ದು ದೇವದುರ್ಗದ ಕಡೆಯ ಅಂಥ ಒಂದು ಊರಿನಲ್ಲಿ. ನಾಲೆ ಇತ್ತು, ನೀರು ಬರುತ್ತಿರಲಿಲ್ಲ. ಮೇಲಿನ ಊರುಗಳಲ್ಲೇ ಮುಗಿದುಹೋಗುತ್ತಿತ್ತು. ಅವ್ವ ನೆಲ್ಲು ಹಚ್ಚುವ, ಅಂದರೆ ಭತ್ತ ನಾಟಿ ಮಾಡುವ, ಕೂಲಿಗೆ ಆ ಮೇಲಿನ ಊರುಗಳಿಗೇ ಹೋಗಬೇಕಿತ್ತು. “ನಮ್ಮವ್ವ ಬ್ಯಾರೇರ ನೀರಾಗ ನಿಂತು ನಿಂತು ಕಾಲು ಬೆಳ್ಳಗ ಮಾಡಿಕೊಂಡು ಬರ್ತಿದ್ಲು. ನಾನು ಒಣ ಕಾಲುವ್ಯಾಗ ಕುಂತು ಕಾಯ್ತಿದ್ದೆ,” ಎಂದು ಒಮ್ಮೆ ಹೇಳಿದ್ದಳು. ಹೇಳಿ, ಯಾರೂ ಅಯ್ಯೋ ಅನ್ನುವ ಮೊದಲೇ, “ಮುಂದ?” ಎಂದು ದಾಳ ನನ್ನ ಕೈಗೆ ತಳ್ಳಿದಳು. ಅವತ್ತೂ ಗೇಟು ತೆರೆಯಲಿಲ್ಲ. ಯಾವತ್ತೂ ತೆರೆಯಲಿಲ್ಲ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಾನ್ವಿ ಬಂದುಬಿಡುತ್ತಿತ್ತು.

ಎಂಥ ಮಾತುಗಾತಿ ಎನ್ನುತ್ತೀರಿ! ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿ ಪಲ್ಯ ಬಾಯಿಗಿಟ್ಟುಕೊಂಡೂ ಮಾತು. ಒಮ್ಮೆ ಅವರವ್ವ ರಾಯಚೂರಿಗೆ ಬಂದಾಗ ನಮ್ಮ ಮನೆಗೆ ಕರೆತಂದಿದ್ದಳು. ಆ ತಾಯಿ ಒಳಗೆ ಕಾಲಿಟ್ಟವರೇ, “ಯವ್ವಾ, ಈಕಿನ್ನ ಹ್ಯಾಂಗ ತಡಕೋತೀರಿ? ಹುಟ್ಟಿದಾಗಿಂದ ಬಾಯಿ ಮುಚ್ಚಿಲ್ಲ,” ಎಂದರು. ಅವರಿಗೆ ನನ್ನನ್ನು ಪರಿಚಯ ಮಾಡಿಸಿದ್ದೂ ಸೂಜಕ್ಕ ಎಂದೇ. ಅವರು ಅದನ್ನು ನನ್ನ ಅಸಲಿ ಹೆಸರೆಂದೇ ತಿಳಿದು, ಯಾವ ದೇವರ ಹೆಸರಿರಬಹುದು ಎಂದು ನನ್ನ ಅತ್ತೆಯನ್ನು ಮೆಲ್ಲಗೆ ವಿಚಾರಿಸಿದರಂತೆ.

ಇಷ್ಟೆಲ್ಲ ಮಾತಾಡುವ ಆಕೆಗೆ ಒಂದೇ ಒಂದು ಆಸೆ ಇತ್ತು: ತಾನೂ ಒಮ್ಮೆ ಆಡಬೇಕು. ಆಡಿಸುವವರು ಯಾವಾಗಲೂ ಆಡಿಸುತ್ತಲೇ ಇರಬೇಕು, ಅವರಿಗೆ ಒಂದು ವೇಷ ಅಂತಿಲ್ಲ, ಒಂದು ಹೆಸರಿಲ್ಲ, ಗೇಟಿನ ಮುಂದೆ ನಿಲ್ಲುವ ಭಾಗ್ಯವಿಲ್ಲ. ಇಂಥ ಆಟ ಆಡುವ ಎಲ್ಲ ಊರುಗಳಲ್ಲೂ ಆಡಿಸುವವರ ಗೋಳು ಇದೇ ಅಂತೆ. ಒಂದು ದಿನ ಬೀಗ ಭಾಯ್ ಧೈರ್ಯ ಮಾಡಿ, “ಇವತ್ತು ನಾ ಆಡಸ್ತೀನಿ, ಆಪಾ ಆಡ್ಲಿ,” ಎಂದರು. ಆಕೆಯ ಮುಖ ನೋಡಬೇಕಿತ್ತು! ಮೊದಲೇ ಹೆಸರು ಯೋಚಿಸಿಟ್ಟಿದ್ದಳು. ತುದಿ. ಟೇಲ್ ಎಂಡಿನ ಹುಡುಗಿ ಮತ್ತೇನು ಹೆಸರಿಟ್ಟುಕೊಳ್ಳುತ್ತಾಳೆ?

ಆಟ ಶುರುವಾಯಿತು. ಬೀಗ ಭಾಯ್ ಬೆವರೊರೆಸಿಕೊಂಡು, “ಒಂದು ಬಾಗಲಾ ಅದ...” ಎಂದರು. “ಕಬ್ಬಿಣದ್ದೇನು? ಕಬ್ಬಿಣದ್ದ ಇರ್ಲಿ. ಮ್ಯಾಲ ಕೆಂಪು ದೀಪ. ಒಳಗ ಗಾಳಿ ಸದ್ದು ಬರಾಕತ್ತದ, ಭಾಯ್, ಕಾವಲುಗಾರ ಚಾ ಕುಡ್ಯಾಕ ಹೋಗ್ಯಾನಲ್ಲ?” ಎಂದು ಈಕೆ ಶುರುಮಾಡಿದಳು ನೋಡಿ, ನಾಲೆಯ ಸೇತುವೆ ದಾಟುವಷ್ಟರಲ್ಲಿ ಬಾಗಿಲೂ ಆಕೆಯದೇ, ಕಾವಲುಗಾರನೂ ಆಕೆಯವನೇ.

“ಅರೆ ಆಪಾ, ನಾ ಆಡಸಾಕತ್ತೀನೋ ನೀವು ಆಡಸಾಕತ್ತೀರೋ?”

ಆಕೆ ನಾಲಿಗೆ ಕಚ್ಚಿಕೊಂಡಳು. ಮತ್ತೆ ಎರಡು ನಿಮಿಷ ಸುಮ್ಮನಿದ್ದು ಮತ್ತೆ ಅದೇ. ಬಿದ್ದು ಬಿದ್ದು ನಕ್ಕೆವು. ನಗು ಮುಗಿದ ಮೇಲೆ ಆಕೆ ಕಿಟಕಿಯ ಕಡೆ ತಿರುಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: “ನನ್ನ ಬಾಯಿ ನನಗ ಆಡಾಕ ಬಿಡಂಗಿಲ್ಲ ಸೂಜಕ್ಕಾ. ಒಮ್ಮಿ ನಾನೂ ಸುಮ್ನ ಕುಂತಿರಬೇಕು, ಯಾರಾರ ಬಂದು ‘ನಿನಗೇನ್ ಕಾಣಾಕತ್ತದ’ ಅಂತ ಕೇಳಬೇಕು. ಅಷ್ಟ ಆದ್ರ ಸಾಕು.”

“ನಾ ಕೇಳ್ತೀನಿ ತಗೋ. ಸೂಟಿ ಬರ್ಲಿ,” ಎಂದೆ.

ಆ ಬೇಸಿಗೆ ರಜೆ ಬರುವ ಮೊದಲೇ ಆಕೆಯ ದನಿ ಒಡೆಯಿತು. ಮೊದಮೊದಲು ನಾವು ತಮಾಷೆ ಮಾಡಿದೆವು. ಲ್ಯಾಬಿನ ಹುಡುಗರ ಮೇಲೆ ಕೂಗಿ ಕೂಗಿ ಹಾಗಾಗಿದೆ ಎಂದು ಆಕೆಯೇ ಅಂದಳು. ಗೂಬಿ ಮಾತ್ರ ನಗಲಿಲ್ಲ. ಒಂದು ಬೆಳಿಗ್ಗೆ ಆಟ ನಿಲ್ಲಿಸಿ, ಬಸ್ಸಿನಲ್ಲೇ ಆಕೆಯ ಗಂಟಲು ಮುಟ್ಟಿ ನೋಡಿ, “ಇವತ್ತ ತೋರ್ಸಬೇಕು. ನಾಳೆ ಅಲ್ಲ, ಇವತ್ತ,” ಎಂದಳು. ಆಮೇಲಿನದು ಹೇಳಲು ನನಗೆ ಇಷ್ಟವಿಲ್ಲ. ದೂರದ ದೊಡ್ಡಾಸ್ಪತ್ರೆ, ಗಂಟಲಿನೊಳಗಿನ ಗಂಟು, ಆಪರೇಷನ್. ಜೀವ ಉಳಿಯಬೇಕಾದರೆ ದನಿ ಹೋಗುತ್ತದೆ ಎಂದು ಮೊದಲೇ ಹೇಳಿದ್ದರಂತೆ. ಆಪರೇಷನ್ನಿನ ಹಿಂದಿನ ದಿನ ನಮಗೆಲ್ಲ ಒಂದು ವಾಯ್ಸ್ ಮೆಸೇಜು ಕಳಿಸಿದಳು, ಗೊರಗೊರ ದನಿಯಲ್ಲಿ: “ಎಲ್ಲಿ ನಿಂತೀವಿ ಅನ್ನೋದು ನೆನಪಿಟಗೋರ್ರಿ. ಕಡೀ ಗೇಟು, ನಾಯಿಗೆ ರೊಟ್ಟಿ ಹಾಕೀವಿ.” ಅಷ್ಟೇ. ಹುಷಾರಾಗಿರ್ರಿ ಅನ್ನುವ ಮಾತಿಲ್ಲ, ಅಳು ಇಲ್ಲ, ದೇವರು ದಿಂಡರು ಇಲ್ಲ.

ಬೇಸಿಗೆ ಸೂಟಿಯ ಒಂದು ಭಾನುವಾರ ನಾವು ಮೂವರೂ ದೇವದುರ್ಗಕ್ಕೆ ಹೋದೆವು. ಆಕೆ ತನ್ನ ತಮ್ಮನ ಮನೆಯಲ್ಲಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಚಾಪೆ ಹಾಕಿಕೊಂಡು ಕೂತಿದ್ದಳು. ಸೊರಗಿದ್ದಳು. ಕೊರಳಿಗೆ ಬಿಳಿ ಬಟ್ಟೆ. ನಮ್ಮನ್ನು ನೋಡಿ ನಕ್ಕಳು, ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಕುಣಿದವು. ನಾನು ಏನೇನೋ ಮಾತಾಡಿದೆ. ಸೆಕೆ, ಶಾಲೆ, ಹೊಸ ಕಂಡಕ್ಟರ್. ಆಕೆ ಇಲ್ಲದ ಬಸ್ಸಿನಲ್ಲಿ ನಾವು ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂರುತ್ತೇವೆ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಆಕೆ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು. ಪಕ್ಕದಲ್ಲಿದ್ದ ಚೀಲದಿಂದ ಅದೇ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟಳು. ದಾಳಗಳನ್ನು ಮಾತ್ರ ಕೊಡಲಿಲ್ಲ. ತನ್ನ ಮುಷ್ಟಿಯಲ್ಲೇ ಹಿಡಿದು ಕೂತಳು.

ಬೀಗ ಭಾಯ್‌ಗೆ ಮೊದಲು ತಿಳಿಯಿತು. “ಆಪಾ ಇವತ್ತು ಆಡ್ತಾರಂತ,” ಎಂದರು. “ಸೂಜಕ್ಕಾ, ಆಡಸ್ರಿ.”

ನಾನೇನು ಆಡಿಸುವವಳೇ? ಆದರೆ ಮಾತು ಕೊಟ್ಟಿದ್ದೆನಲ್ಲ. ಆಕೆಯ ಹಾಗೆಯೇ ಮುಚ್ಚಳದ ಅಂಚು ಬಡಿದು, “ನೀ ಯಾರು?” ಎಂದೆ. ಆಕೆ ಚಾಪೆಯ ಕೊನೆಯ ಅಂಚನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. “ತುದಿ ಏನು?” ತಲೆಯಾಡಿಸಿದಳು. “ತುದೀ, ಎಲ್ಲಿ ನಿಂತೀ?” ದಾಳಗಳನ್ನು ಮಡಿಲಲ್ಲಿಟ್ಟು ಎರಡೂ ಅಂಗೈಗಳನ್ನು ಜೋಡಿಸಿ ನಿಲ್ಲಿಸಿ ಗೇಟು ಮಾಡಿದಳು. “ನಾಯಿ?” ಕೈಯನ್ನು ಬಾಲದಂತೆ ಆಡಿಸಿದಳು. ಗೂಬಿ ಜೋರಾಗಿ ನಕ್ಕಳು, ನಕ್ಕು ಸೆರಗಿನಿಂದ ಮೂಗೊರೆಸಿಕೊಂಡಳು.

“ಹಂಗಾರ ಗೇಟಿನ ಬೀಗದ ಜೋಡಿ ಏನ್ ಮಾತಾಡ್ತಿ?” ಎಂದುಬಿಟ್ಟೆ ರೂಢಿಯ ಮೇಲೆ. ದನಿ ಹೋದವಳಿಗೆ ಕೇಳುವ ಮಾತೇ ಅದು? ಆಕೆಗೇನೂ ಅನಿಸಲಿಲ್ಲ. ಗಾಳಿಯಲ್ಲಿ ಅಂಗೈ ಇಟ್ಟು, ಎಮ್ಮೆಯ ಹಣೆ ಸವರುವ ಹಾಗೆ ಮೆಲ್ಲಗೆ ಸವರಿದಳು. ಆಮೇಲೆ ದಾಳ ಹಾಕಿದಳು. ಬಸ್ಸಿನಲ್ಲಿ ಮೊದಲ ಸಲ ಕಂಡ ದಿನ ಬಿಟ್ಟರೆ ಆಕೆ ದಾಳ ಹಾಕಿದ್ದನ್ನು ನಾನು ನೋಡಿದ್ದು ಇದೇ.

ಐದು ಮತ್ತು ಎರಡು. ಐದು! ನಾವು ಮೂವರೂ ಒಟ್ಟಿಗೆ ಕೂಗಿದೆವು. ಕೆಲಸ ಆಯಿತು, ಏನೂ ಬಿಡಬೇಕಿಲ್ಲ, ಗೇಟು ತೆರೆಯಿತು. ಅದೇ ಹೊತ್ತಿಗೆ ಅವರವ್ವ ಚಹಾದ ತಾಟು ತಂದು ಕೆಳಗಿಟ್ಟರು. ತಾಟಿನ ಅಂಚು ಮುಚ್ಚಳಕ್ಕೆ ತಗುಲಿತು. ಐದು ಇದ್ದದ್ದು ಉರುಳಿ ಮೂರಾಯಿತು.

“ಇಲ್ಲ ಇಲ್ಲ, ಐದು ಬಿದ್ದದ, ಅದ ಲೆಕ್ಕ,” ಎಂದಳು ಗೂಬಿ ಅವಸರವಾಗಿ. ನಾನೂ ಹೌದೆಂದೆ. ಆಡಿಸುವವಳು ನಾನು, ನನ್ನ ಮಾತೇ ಕಡೆಯದು. ಆಕೆ ಬೆರಳೆತ್ತಿ ಇಲ್ಲ ಎಂದಳು. ಕೈಯನ್ನು ಮುಂದೆ ಚಾಚಿ, ಗುಂಡಿ ಹಾರುವ ಬಸ್ಸಿನಂತೆ ಮೇಲೆ ಕೆಳಗೆ ಆಡಿಸಿದಳು. ರಸ್ತೆಯೂ ಆಡುತ್ತದೆ. ಆಕೆಯದೇ ನಿಯಮ, ಏನು ಹೇಳುವುದು?

ಅವರವ್ವ ಏನೂ ತಿಳಿಯದೆ ಚಹಾ ಹಂಚಿ ಬಾಗಿಲ ಬಳಿ ಹೋಗಿ ಕೂತರು. ತಾಟು ತಗುಲಿ ಏನಾಯಿತು ಎನ್ನುವುದನ್ನು ಆ ತಾಯಿಗೆ ನಾವು ಯಾರೂ ಈವರೆಗೆ ಹೇಳಿಲ್ಲ.

“ಮೂರು,” ಎಂದೆ ಕಡೆಗೆ. “ಏನ್ ಬಿಟ್ಟು ಹೋಗ್ತಿ?”

ಆಕೆ ಕೊರಳಿನ ಬಿಳಿ ಬಟ್ಟೆಯ ಮೇಲೆ ಬೆರಳಿಟ್ಟಳು. ಆಮೇಲೆ ಆ ಕೈಯನ್ನೇ ಹಿಂದಕ್ಕೆ ಬೀಸಿದಳು, ಅದನ್ನು ಆಗಲೇ ಬಿಟ್ಟು ಬಂದಿದ್ದೇನೆ, ಇನ್ನು ತಡ ಯಾಕೆ ಎನ್ನುವಂತೆ. ಬೀಗ ಭಾಯ್ ಎದ್ದು ಹೊರಗೆ ಹೋಗಿ ನಿಂತರು. ನನಗೂ ಎದ್ದು ಹೋಗಬೇಕೆನಿಸಿತು. ಆದರೆ ಆಡಿಸುವವರು ನಡುವೆ ಏಳುವಂತಿಲ್ಲ.

“ಗೇಟು ತೆರೀತು,” ಎಂದೆ. “ದಾಟಿದಿ.” ಮತ್ತೆ, ಆಕೆ ಎಷ್ಟು ದಿನದಿಂದಲೋ ಕೇಳಿಸಿಕೊಳ್ಳಬೇಕೆಂದಿದ್ದ ಮಾತನ್ನು ಕೇಳಿದೆ. “ತುದೀ, ನಿನಗೇನ್ ಕಾಣಾಕತ್ತದ?”

ಆಕೆ ಕಣ್ಣು ಮುಚ್ಚಿದಳು. ಮುಖ ನೋಡಿದರೆ ಹಬ್ಬದ ಬೆಳಿಗ್ಗೆ ಎದ್ದ ಹುಡುಗಿಯ ಹಾಗಿತ್ತು. ಆಮೇಲೆ ಅಂಗೈ ಕೆಳಗೆ ಮಾಡಿ, ಬೆರಳು ಅಗಲಿಸಿ, ಚಾಪೆಯ ಮೇಲೆ ನಿಧಾನ ಮುಂದೆ ಸರಿಸಿದಳು. ಸ್ವಲ್ಪ ನಿಲ್ಲಿಸಿದಳು. ಏನನ್ನೋ ತಳ್ಳಿದಂತೆ ಮಾಡಿದಳು. ಮತ್ತೆ ಸರಿಸಿದಳು. ಗೂಬಿ “ಹಾವೇನು?” ಎಂದಳು. ನಾನು “ರಸ್ತಿ ಏನು?” ಎಂದೆ. ಆಕೆ ತಲೆ ಅಲ್ಲಾಡಿಸುತ್ತ, ಕಣ್ಣು ತೆರೆಯದೆ, ಅದನ್ನೇ ಮತ್ತೆ ಮಾಡಿದಳು.

ಬಾಗಿಲ ಬಳಿಯಿಂದ ಅವರವ್ವ ಹೇಳಿದರು: “ನೀರ್ರೀ. ನೀರು ಬಂದಾವಂತ ಹೇಳಾಕತ್ತಾಳ. ಒಣಗಿದ ಕಾಲುವಿಗೆ ಮೊದಲನೇ ನೀರು ಹಂಗ ಬರ್ತಾವು, ಕಸಾ ದಬ್ಬಿಕೋತ.”

ಆಕೆ ಕಣ್ಣು ತೆರೆದು ಅವ್ವನನ್ನು ನೋಡಿದಳು. ಹೌದೆಂದು ಒಮ್ಮೆ ತಲೆಯಾಡಿಸಿದಳು. ದಾಳಗಳನ್ನು ಎತ್ತಿ ಮುಚ್ಚಳದೊಳಗೆ ಹಾಕಿ, ಮುಚ್ಚಳವನ್ನು ನನ್ನ ಕೈಯಲ್ಲೇ ಬಿಟ್ಟಳು. ಅದು ಆಕೆ ನಿಜವಾಗಿ ಆಡಿದ ಮೊದಲ ಆಟ. ಎರಡನೆಯದು ಆಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಸುದ್ದಿ ಬಂತು.

ಈಗ ಬಸ್ಸಿನಲ್ಲಿ ನನಗೆ ಬೇಕಾದಷ್ಟು ಮೌನವಿದೆ. ಯಾರಿಗೆ ಬೇಕು ಅದು? ನಾಲೆಯ ಸೇತುವೆ ಬಂದಾಗ ಪಕ್ಕಕ್ಕೆ ತಿರುಗಿ ಏನೋ ಹೇಳಹೋಗುತ್ತೇನೆ, ಯಾರೋ ಬ್ಯಾಗು ಅವಚಿಕೊಂಡು ನಿದ್ದೆ ಮಾಡುತ್ತಿರುತ್ತಾರೆ. ಮುಚ್ಚಳ ನನ್ನ ಚೀಲದಲ್ಲೇ ಇರುತ್ತದೆ. ಗುಂಡಿ ಬಂದಾಗ ದಾಳಗಳು ಒಳಗೇ ಕಟಕ್ ಎನ್ನುತ್ತವೆ.

ಹೋದ ತಿಂಗಳು ದೇವದುರ್ಗಕ್ಕೆ ಹೋಗಿದ್ದೆ, ಆ ತಾಯಿಯನ್ನು ನೋಡಿಕೊಂಡು ಬರೋಣವೆಂದು. ಅಂಗಳದ ಬೇವಿನ ನೆರಳಲ್ಲಿ ಕೂತಿದ್ದರು. ನನ್ನನ್ನು ಕಂಡು, “ಬರ್ರಿ ಸೂಜಕ್ಕ,” ಎಂದರು. ನೀರು ಕೊಟ್ಟರು. ಮಳೆ ಬೆಳೆಯ ಮಾತಾಡಿದೆವು. ಎದ್ದು ಹೊರಡಬೇಕೆನ್ನುವಾಗ ನನ್ನ ಕೈ ಹಿಡಿದು ಕೂರಿಸಿದರು.

“ಒಂದು ಮಾತು ಕೇಳ್ತೀನಿ, ನಗಬ್ಯಾಡ್ರಿ. ಆ ಆಟದಾಗ... ಆಕಿ ಈಗ ಎಲ್ಲಿ ಅದಾಳ್ರಿ?”

ನಾನು ನಗಲಿಲ್ಲ. “ಗೇಟು ದಾಟ್ಯಾಳ್ರಿ ಯವ್ವಾ. ಆ ಕಡಿ ಅದಾಳ.”

“ಮುಂದ?”

ಮಗಳದೇ ಮಾತು, ಅದೇ ದನಿ. ಏನಾದರೊಂದು ಸಮಾಧಾನ ಕಟ್ಟಿ ಹೇಳಬಹುದಿತ್ತು. ಕನ್ನಡ ಟೀಚರ್ ನಾನು, ನಾಲ್ಕು ಚೆಂದದ ಮಾತು ಹೊಂದಿಸಲಾರೆನೇ? ಆದರೆ ಆಡಿಸುವುದು ಹೇಗೆಂದು ಆಕೆಯಿಂದ ಕಲಿತವಳು. ಚೀಲದಿಂದ ಮುಚ್ಚಳ ತೆಗೆದು ನಮ್ಮಿಬ್ಬರ ನಡುವೆ ಇಟ್ಟೆ.

“ನಾ ಹೇಳಬಾರದ್ರಿ ಯವ್ವಾ, ಆಕಿನ ನಿಯಮ. ನೋಡಿ ನೀವ ಹೇಳಬೇಕು. ನಿಮಗೇನ್ ಕಾಣಾಕತ್ತದ?”

ಅವರು ಮುಚ್ಚಳವನ್ನು ನೋಡಿದರು, ಅಂಗಳ ನೋಡಿದರು.

“ನೀರು ನಮ್ಮೂರ ತನಕ ಬಂದಾವ,” ಎಂದರು ನಿಧಾನವಾಗಿ. “ಹೆಣಮಕ್ಕಳು ನೆಲ್ಲು ಹಚ್ಚಾಕತ್ತಾರ. ನಾನೂ ಅದೀನಿ. ಈಕಿ ಮಾತ್ರ ಗದ್ಯಾಗ ಇಳಿದಿಲ್ಲ ನೋಡ್ರಿ. ಬದುವಿನ ಮ್ಯಾಲ ಕಾಲು ನೀರಾಗ ಬಿಟ್ಟು ಕುಂತಾಳ.”

“ಕುಂತು ಏನ್ ಮಾಡಾಕತ್ತಾಳ್ರಿ?”

ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅವತ್ತು ನಮ್ಮ ಮನೆಯಲ್ಲಿ ಮಗಳನ್ನು ಬೈದಿದ್ದರಲ್ಲ, ಅದೇ ದನಿಯಲ್ಲಿ ಅಂದರು:

“ಏನ್ ಮಾಡ್ತಾಳ್ರಿ? ಮಾತಾಡಾಕತ್ತಾಳ. ಬಾಯಿ ಮುಚ್ಚಂಗಿಲ್ಲ, ಒಂದ ಸವನ ಮಾತಾಡಾಕತ್ತಾಳ.”